ಕಣಗಿಲೆಗೆ ಬಚ್ಚಲ ನೀರು, ಗುಲಾಬಿಗೆ ನಾನು

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವಳು ನನ್ನ ಸೋದರತ್ತೆ ಕೆಂಚಮ್ಮ. ಮರೆಯಲ್ಲಿ ಆಡುವ ಹೆಂಗಸಲ್ಲ ಅವಳು. ಬೀದಿ ನಲ್ಲಿಯ ಹತ್ತಿರ ನಾಲ್ಕು ಜನರ ಮುಂದೆ, ನನ್ನ ತಲೆಯ ಮೇಲೆ ಕೊಡ ಎತ್ತಿಡುತ್ತಾ ಹೇಳಿದಳು.

"ಕುರಿ ರೊಪ್ಪದಾಗೆ ಹುಟ್ಟಿದ್ದು ಕಾಲೇಜು ಮುಗಿಸ್ತೈತಾ? ಇದು ಡಿಗ್ರಿ ತಗಂಡ ದಿನ ದುರ್ಗದ ಕೋಟೆ ಕಲ್ಲು ಎದ್ದು ಹಿರಿಯೂರಿಗೆ ನಡ್ಕಂಡು ಹೋಗ್ತವೆ, ನೋಡ್ತಿರ್ರಿ."

ಹೆಂಗಸರು ನಕ್ಕರು. ನಾನೂ ನಕ್ಕೆ. ನಕ್ಕಿದ್ದಕ್ಕೆ ಕೊಡ ಅಲುಗಿ ನೀರು ಕುತ್ತಿಗೆಗೆ ಇಳಿಯಿತು. ಆಗ ನಾನು ಏಳನೇ ಕ್ಲಾಸು.

ನಮ್ಮಪ್ಪ ಈರಣ್ಣ ಹಿರೇಗುಂಟನೂರಿನ ಕಡೆಯ ಕುರಿಗಾರ. ನಮ್ಮ ಹಟ್ಟಿಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಶಾಲೆ ಇತ್ತು. ಮುಂದೆ ಓದುತ್ತೇನೆ ಎಂದು ನಾನು ಅತ್ತೂ ಕರೆದೂ ಮಾಡಿದ್ದಕ್ಕೆ ಅಪ್ಪ ನನ್ನನ್ನು ಚಿತ್ರದುರ್ಗದಲ್ಲಿದ್ದ ತನ್ನ ಅಕ್ಕನ ಮನೆಗೆ ತಂದು ಬಿಟ್ಟ. ಅತ್ತೆಗೆ ಮಕ್ಕಳಿರಲಿಲ್ಲ. ಮಾವ ಒಂದು ಕಚೇರಿಯಲ್ಲಿ ಜವಾನ. ನಮ್ಮವರಲ್ಲಿ ಕುರಿ ಬಿಟ್ಟು ಪೇಟೆ ಸೇರಿದ ಮನೆ ಅದೊಂದೇ, ಮತ್ತು ಕುರಿ ಬಿಟ್ಟಿದ್ದು ಗೊತ್ತಾಗಲಿ ಎಂಬುದೇ ಅತ್ತೆಯ ದೊಡ್ಡ ಹಂಬಲ. ಬಂದ ದಿನವೇ ನನ್ನ ಕಂಬಳಿಯನ್ನು ಮೂರು ದಿನ ಬಿಸಿಲಿಗೆ ಹಾಕಿಸಿ, ಆಮೇಲೆ ಟ್ರಂಕಿನ ತಳಕ್ಕೆ ಸೇರಿಸಿ ಬೀಗ ಹಾಕಿದಳು. ಮುದ್ದೆ ಉಣ್ಣುವಾಗ ಬಾಗಿಲು ಮುಂದೆ ಮಾಡುತ್ತಿದ್ದಳು. ಅನ್ನ ಮಾಡಿದ ದಿನ ತೆರೆದಿಡುತ್ತಿದ್ದಳು. ಮನೆ ಅಂದರೆ ಒಂದು ನಡುಮನೆ, ಒಂದು ಅಡುಗೆಮನೆ, ಅದರ ಮೂಲೆಯಲ್ಲೇ ಬಚ್ಚಲು. ನನ್ನ ಚಾಪೆ, ಪುಸ್ತಕ, ನಾನು, ಮೂರೂ ಸೌದೆ ಒಟ್ಟಿದ ಗೋಡೆಯ ಪಕ್ಕ. ಮುಂದೆ ನಾಲ್ಕು ಹೆಜ್ಜೆ ಅಂಗಳ, ಎದೆಯೆತ್ತರದ ಕಲ್ಲುಗೋಡೆ, ಒಂದು ತಗಡಿನ ಗೇಟು. ಆ ಗೇಟು ಮುಟ್ಟಿದರೆ ಸಾಕು, ಹೆತ್ತ ಕುರಿಯ ಹಾಗೆ ಒರಲುತ್ತಿತ್ತು. ಒಲೆ ಮುಂದೆ ಕೂತಿದ್ದರೂ ಅತ್ತೆಗೆ ಗೊತ್ತಾಗುತ್ತಿತ್ತು.

"ಯಾರೇ ಅದು ಗೇಟು ಮುಟ್ಟಿದ್ದು?"

"ನಾನೇ ಅತ್ತೆ. ಸುಮ್ನೆ ನಿಂತಿದ್ದೆ."

"ಸುಮ್ನೆ ನಿಂತ್ಕಳಾಕೆ ಒಳಗೆ ಜಾಗ ಇಲ್ವಾ?"

ಶಾಲೆಗೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ನಲ್ಲಿಗೆ ಒಂದು ಸಲ. ಅಷ್ಟೇ ಲೆಕ್ಕ. ಉಳಿದ ಹೊತ್ತು ಗೋಡೆಯ ಮೇಲಿಂದ ಕೋಟೆಯ ಬಂಡೆಗಳನ್ನೂ, ಅವುಗಳ ಮೇಲೆ ಇರುವೆಯಂತೆ ಓಡಾಡುವ ಜನರನ್ನೂ ನೋಡುತ್ತಿದ್ದೆ.

ಆ ಅಂಗಳದಲ್ಲಿ ಎರಡು ಗಿಡಗಳಿದ್ದವು. ಗೇಟಿನ ಎಡಕ್ಕೆ, ಬಚ್ಚಲ ನೀರು ಹರಿದು ಬರುವ ಕಡೆ, ಒಂದು ಕಣಗಿಲೆ. ಅದನ್ನು ಯಾರು ನೆಟ್ಟರೋ ಯಾರಿಗೂ ಗೊತ್ತಿಲ್ಲ. ಅತ್ತೆ ಮಾವ ಬಾಡಿಗೆಗೆ ಬರುವ ಮೊದಲೇ ಅದು ಗೋಡೆಗಿಂತ ಎತ್ತರವಿತ್ತಂತೆ. ಸೀಗೆಪುಡಿ, ಸೋಪು, ಮುಸುರೆ, ಏನು ಹರಿದು ಬಂದರೂ ಕುಡಿಯುತ್ತಿತ್ತು. ಬರದಿದ್ದರೆ ಬೇಡ ಎಂದು ಸುಮ್ಮನಿರುತ್ತಿತ್ತು. ಬೇಸಿಗೆ ಏರಿದಷ್ಟೂ ಅದಕ್ಕೆ ಹೂವು. ಸೋಮವಾರ ಈಶ್ವರನಿಗೆ ಒಂದು ತಟ್ಟೆ ಕಿತ್ತರೂ ಗೊತ್ತೇ ಆಗುತ್ತಿರಲಿಲ್ಲ. ಅದರ ಕಡೆ ತಿರುಗಿ ನೋಡಿದವರಿಲ್ಲ, ಅದಕ್ಕೂ ಯಾರ ಹಂಗೂ ಇಲ್ಲ. ಒಂದೇ ಮಾತು: ಅದು ವಿಷ. ಕುರಿ ಒಂದು ಬಾಯಿ ಎಲೆ ತಿಂದರೆ ಮುಗಿಯಿತು. ವರ್ಷಕ್ಕೊಮ್ಮೆ ಅದರ ಕೊಂಬೆ ಸವರಿದಾಗ ಅತ್ತೆ ಬೀದಿಗೆ ಎಸೆ ಎನ್ನುತ್ತಿದ್ದಳು. ನಾನು ಎಸೆಯುತ್ತಿರಲಿಲ್ಲ. ಗೋಡೆಯ ಬುಡದಲ್ಲಿ ಗುಂಡಿ ತೋಡಿ ಹೂಳುತ್ತಿದ್ದೆ. "ನೋಡ್ರೀ, ಕಣಗಿಲೆಗೂ ತಿಥಿ ಮಾಡ್ತಾಳೆ ನಮ್ಮ ರತ್ನಿ," ಎಂದು ಅತ್ತೆ ಮಾವನಿಗೆ ಹೇಳಿ ನಗುತ್ತಿದ್ದಳು. ದಾರಿಯಲ್ಲಿ ಯಾರದಾದರೂ ಮೇಕೆ ಮರಿ ಬಾಯಿ ಹಾಕಿದರೆ ಎಂಬ ಭಯ ಅವಳಿಗೆ ಮರೆತುಹೋಗಿತ್ತು, ಅಥವಾ ಮರೆತ ಹಾಗೆ ಇರಬೇಕಾಗಿತ್ತು.

ಗೇಟಿನ ಬಲಕ್ಕೆ, ಅರ್ಧಕ್ಕೆ ಕತ್ತರಿಸಿದ ಡಾಂಬರಿನ ಡ್ರಮ್ಮಿನಲ್ಲಿ, ಕಡುಗೆಂಪು ಕಸಿ ಗುಲಾಬಿ. ಮಾವನ ಸಾಹೇಬರಿಗೆ ವರ್ಗವಾದಾಗ ಅವರ ಮನೆಯವರು ಅದನ್ನು ಅತ್ತೆಯ ಕೈಗೆ ಕೊಟ್ಟು ಹೋಗಿದ್ದರು. ಅದು ಬಂದ ಮೇಲೆ ಬೀದಿಯವರು ನಮ್ಮದನ್ನು 'ಗುಲಾಬಿ ಮನೆ' ಎನ್ನತೊಡಗಿದ್ದರು. ಅದಕ್ಕೂ ಮುಂಚೆ ಏನೆನ್ನುತ್ತಿದ್ದರು ಎಂದು ಅತ್ತೆ ಹೇಳಲಿಲ್ಲ. ನಲ್ಲಿಯ ಹತ್ತಿರ ಕೇಳಿ ತಿಳಿದುಕೊಂಡೆ. 'ಕುರಿಯೋರ ಮನೆ.' ಆ ಗುಲಾಬಿಯ ಉಪಚಾರ ಹಸುಗೂಸಿನದಕ್ಕಿಂತ ಹೆಚ್ಚು. ಬೆಳಗ್ಗೆ ಬಿಸಿಲೇರುವ ಮೊದಲು ಒಂದು ಚೆಂಬು, ಸಂಜೆ ಒಂದು ಚೆಂಬು, ಅದೂ ಸಿಹಿನೀರು. ಬುಡಕ್ಕೆ ಹೊಯ್ಯಬೇಕು, ಎಲೆ ನೆನೆಯಬಾರದು. ಮಧ್ಯಾಹ್ನ ಗೋಣಿತಾಟಿನ ನೆರಳು. ಟೀ ಚರಟ ತೊಳೆದು ಒಣಗಿಸಿ ಹಾಕಬೇಕು. ಎಲೆಯ ಹಿಂದೆ ಹುಳ ಹುಡುಕಬೇಕು, ಬೂದಿ ಎರಚಬೇಕು. ಬಾಡಿದ ಹೂವನ್ನು ಐದೆಲೆಯ ಗೆಣ್ಣಿನವರೆಗೆ ಕತ್ತರಿಸಬೇಕು. ಇಷ್ಟೆಲ್ಲ ಮಾಡಿದರೆ ತಿಂಗಳಿಗೆ ಮೂರೋ ನಾಲ್ಕೋ ಹೂವು. ಇದೆಲ್ಲ ಮಾಡುವವಳು ನಾನು. ಕಣಗಿಲೆಗೆ ಬಚ್ಚಲ ನೀರು, ಗುಲಾಬಿಗೆ ನಾನು.

ಗಿಡಕ್ಕೆ ನೀರು ಹೊಯ್ಯುವುದು ನನಗೇನೂ ಭಾರವಾಗಿರಲಿಲ್ಲ. ಭಾರವಾಗಿದ್ದು ಬೇಸಿಗೆ ರಜೆ. ಮೊದಲ ವರ್ಷ ಪರೀಕ್ಷೆ ಮುಗಿದ ಮರುದಿನ ಅಪ್ಪ ಕರೆದುಕೊಂಡು ಹೋಗಲು ಬಂದ. ಅವನು ಒಳಗೆ ಬರುತ್ತಿರಲಿಲ್ಲ. ಗೇಟಿನಾಚೆ, ಕಣಗಿಲೆಯಿಂದ ಮಾರು ದೂರ, ಕಂಬಳಿ ಹೆಗಲಿಗೆ ಹಾಕಿಕೊಂಡು ನಿಲ್ಲುತ್ತಿದ್ದ. ನಾನು ಬಟ್ಟೆಯ ಗಂಟು ಕಟ್ಟಿಕೊಂಡು ಸಿದ್ಧವಾಗಿದ್ದೆ.

"ಒಳಗೆ ಬಾರೋ ತಮ್ಮ, ಕುಂತ್ಕ," ಎಂದಳು ಅತ್ತೆ.

"ಇರ್ಲಿ ಬಿಡಕ್ಕ. ಹುಡುಗಿ ಕಳ್ಸು, ಹೊತ್ತಿಗೆ ಮುಂಚೆ ಹಟ್ಟಿ ಸೇರ್ಕಂತೀವಿ."

"ಕರ್ಕಂಡ್ ಹೋಗು, ನಾನ್ಯಾಕೆ ಬ್ಯಾಡ ಅನ್ಲಿ. ಆದ್ರೆ ಆ ಗಿಡ ನೋಡು. ಎರಡು ಹೊತ್ತು ನೀರು ಕೇಳ್ತೈತೆ. ನನಗೆ ಮಂಡಿ ನೋವು, ನಲ್ಲಿಯಿಂದ ಕೊಡ ಹೊರಾಕಾಗಲ್ಲ. ಇವಳು ಹೋದ ನಾಕು ದಿನಕ್ಕೆ ಒಣಗಿ ಸತ್ತೋಗ್ತೈತೆ. ಇವಳ ಕೈಗೇ ಹೊಂದ್ಕಂಡೈತೆ."

ಅಪ್ಪ ಗುಲಾಬಿಯನ್ನು ನೋಡಿದ. ಅತ್ತೆಗೆ ಎದುರು ಮಾತಾಡುತ್ತಾನೆ ಎಂದು ನಾನು ಕಾದೆ. ಅವನು ಕಂಬಳಿಯನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸಿ ನನ್ನ ಕಡೆ ತಿರುಗಿದ.

"ಹೌದು ಕಣವ್ವ. ಕೈಗೆ ಹೊಂದಿದ ಜೀವ ಬಿಟ್ಟು ಬರಬಾರದು."

ಕುರಿಗಾರನ ನ್ಯಾಯ ಅದು. ತಾಯಿ ಸತ್ತ ಮರಿ ಯಾರ ಕೈಯಲ್ಲಿ ಹಾಲು ಕುಡಿಯಿತೋ ಅವರು ಮದುವೆ ಇರಲಿ, ಹಬ್ಬ ಇರಲಿ, ಅದನ್ನು ಬಿಟ್ಟು ಹೋಗುವಂತಿಲ್ಲ. ಹಟ್ಟಿಯಲ್ಲಿ ಈ ಮಾತಿಗೆ ಎದುರಾಡಿದವರನ್ನು ನಾನು ಕಂಡಿಲ್ಲ. ಅತ್ತೆಗೂ ಅದು ಗೊತ್ತಿತ್ತು. ಅಪ್ಪನ ಬಾಯಿಂದಲೇ ನನ್ನ ಗೇಟಿಗೆ ಚಿಲಕ ಹಾಕಿಸಿದಳು. ಹೀಗೆ ಒಂದಲ್ಲ, ಐದು ಬೇಸಿಗೆ. ಅವ್ವ ಕಳಿಸಿದ ಹುರಿಹಿಟ್ಟು, ಹಸೀ ಕಡಲೆಕಾಯಿ ಗೇಟಿನ ಮೇಲಿಂದ ಒಳಗೆ ಬರುತ್ತಿದ್ದವು. ನಾನು ಗೇಟಿನ ಒಳಗೇ. ಎದುರಿಗೆ ಕಣಗಿಲೆ, ಮೈತುಂಬ ಹೂ ಹೊತ್ತು, ಯಾರನ್ನೂ ಬೇಡದೆ ನಿಂತಿರುತ್ತಿತ್ತು. ಈ ಮನೆಯಲ್ಲಿ ಎರಡೂ ಕಣಗಿಲೆಯೇ ಇದ್ದಿದ್ದರೆ ಎಂದು ನಾನು ಅಂದುಕೊಂಡ ದಿನಗಳಿಗೆ ಲೆಕ್ಕವಿಲ್ಲ.

ಹತ್ತನೇ ಕ್ಲಾಸಿನ ವರ್ಷ ಒಂದು ಉಪಾಯ ಹೊಳೆಯಿತು. ಗುಲಾಬಿಗೆ ಒಳ್ಳೆಯ ಗೊಬ್ಬರ ಬಿದ್ದು ಗಟ್ಟಿಯಾದರೆ, ಹತ್ತು ದಿನ ನಾನಿಲ್ಲದಿದ್ದರೂ ಬದುಕಬಹುದಲ್ಲ? ಒಳ್ಳೆಯ ಗೊಬ್ಬರ ಎಂದರೆ ನಮ್ಮವರಿಗೆ ಒಂದೇ. ನಮ್ಮ ಮಂದೆ ರಾತ್ರಿ ತಮ್ಮ ಹೊಲದಲ್ಲಿ ತರುಬಲಿ ಎಂದು ಸುತ್ತಲ ಊರಿನ ರೈತರು ಅಪ್ಪನನ್ನು ಕಾದಿರುತ್ತಿದ್ದರು. ಕುರಿ ಮಲಗೆದ್ದ ಹೊಲದಲ್ಲಿ ಮೂರು ವರ್ಷ ಬೆಳೆ ಎದ್ದು ಕುಣಿಯುತ್ತದೆ ಎನ್ನುತ್ತಿದ್ದರು. ಅಪ್ಪನಿಗೆ ಹೇಳಿಕಳಿಸಿದೆ. ಪರೀಕ್ಷೆಯೂ ಯುಗಾದಿಯೂ ಮುಗಿದ ವಾರ ಅವನು ರೊಪ್ಪದ ಹಸಿ ಹಿಕ್ಕೆಯನ್ನು ಅರ್ಧ ಚೀಲ ತಂದ. ಅತ್ತೆ ನೆಂಟರ ಮನೆಗೆ ಹೋಗಿದ್ದಳು. ಇಬ್ಬರೂ ಮಾತಾಡಿಕೊಂಡು, ನಾನು ಒಳಗೆ, ಅಪ್ಪ ಗೇಟಿನಾಚೆ, ಡ್ರಮ್ಮಿನ ತುಂಬ ಗಿಡದ ಕುತ್ತಿಗೆಯವರೆಗೆ ಹಾಕಿದೆವು.

"ಇನ್ನೂ ಹಾಕು, ಇನ್ನೂ ಹಾಕು. ನಮ್ಮ ಕುರಿ ಹಿಕ್ಕೆಗೆ ಕಲ್ಲೂ ಚಿಗುರ್ತೈತೆ," ಎಂದ ಅಪ್ಪ.

ಹೊಲ ಬೇರೆ, ಡ್ರಮ್ಮು ಬೇರೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಹೊಲದಲ್ಲಿ ಹಿಕ್ಕೆ ತೆಳ್ಳಗೆ ಹರಡಿ ಬೀಳುತ್ತದೆ, ಗಾಳಿ ಬಿಸಿಲು ತಾಗಿ ಕಾವು ಆರುತ್ತದೆ. ಡ್ರಮ್ಮಿನಲ್ಲಿ ನೀರು ಬಿದ್ದ ಕೂಡಲೇ ಅದು ಒಳಗೇ ಬೆಂದಿತು. ಐದನೇ ದಿನ ಎಲೆಯ ಅಂಚು ಸುಟ್ಟ ಹಾಗಾಯಿತು. ಹತ್ತನೇ ದಿನ ಗಿಡ ಕಡ್ಡಿ. ಅತ್ತೆ ಬುಡ ಕೆದಕಿ, ಮುಷ್ಟಿಯಲ್ಲಿ ಹಿಕ್ಕೆ ಎತ್ತಿ, ನನ್ನ ಮುಖದ ಹತ್ತಿರ ಹಿಡಿದಳು.

"ಇದನ್ನ ತೊಳ್ಕಳಾಕೆ ನನಗೆ ಹದಿನೈದು ವರ್ಷ ಆತು ಕಣೇ. ಮತ್ತೆ ತಂದು ನನ್ನ ಬಾಗಿಲಿಗೇ ಸುರಿದ್ಯಾ? ಬೇಕಂತ ಸಾಯ್ಸಿದೀಯ."

"ಇಲ್ಲ ಅತ್ತೆ, ಗಟ್ಟಿ ಆಗ್ಲಿ ಅಂತ..."

"ಬಾಯಿ ಮುಚ್ಚು. ಗುಲಾಬಿ ಚಿಗುರೋ ತನಕ ನೀನು ಈ ಗೇಟು ದಾಟಂಗಿಲ್ಲ."

ಗೇಟಿಗೆ ಚಿಲಕದ ಜೊತೆ ಬೀಗವೂ ಬಂತು. ನೀರು ತರಲು ಮಾವನನ್ನು ಹಚ್ಚಿದಳು. ಫಲಿತಾಂಶ ಬಂದು ನಾನು ಪಾಸಾಗಿದ್ದು ಮಾವನ ಬಾಯಿಂದ ಗೊತ್ತಾಯಿತು. ಕಾಲೇಜಿನ ಅರ್ಜಿಯನ್ನೂ ಅವನೇ ತಂದ, ಆದರೆ ಪೋಷಕರು ಎಂಬ ಕಡೆ ಸಹಿ ಹಾಕಲು ಅತ್ತೆ ಬಿಡಲಿಲ್ಲ. ಅರ್ಜಿ ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲ ಕೆಳಗೆ ಕೂತಿತು. ಕೊಡಲು ಇಪ್ಪತ್ತು ದಿನ ಉಳಿದಿತ್ತು. ನಾನು ಡ್ರಮ್ಮಿನ ಹಿಕ್ಕೆಯನ್ನೆಲ್ಲ ಕೈಯಿಂದ ಬಗೆದು ತೆಗೆದೆ. ತಳದ ತೂತಿನಿಂದ ಕಂದು ನೀರು ನಿಂತು ತಿಳಿನೀರು ಬರುವವರೆಗೆ ಕೊಡ ಕೊಡ ಹೊಯ್ದೆ. ಒಣಗಿದ ಕಡ್ಡಿಗಳನ್ನು ಬುಡದವರೆಗೆ ಕತ್ತರಿಸಿದೆ. ಒದ್ದೆ ಗೋಣಿ ಸುತ್ತಿದೆ. ದಿನಕ್ಕೆ ಹತ್ತು ಸಲ ಹೋಗಿ ಬಗ್ಗಿ ನೋಡುವುದೇ ಕೆಲಸ. ಬಗೆದು ತೆಗೆದ ಹಿಕ್ಕೆಯನ್ನು ಕಣಗಿಲೆಯ ಬುಡಕ್ಕೆ ಎಸೆದಿದ್ದೆ. ಅದು ಮಾತ್ರ ಎರಡು ಹಿಡಿ ಹೆಚ್ಚಿಗೆ ಹೂ ಬಿಟ್ಟು ಅಣಕಿಸುತ್ತಿತ್ತು. ಹದಿನೇಳನೇ ದಿನ, ಮಣ್ಣಿನ ಅಂಚಿನಲ್ಲಿ, ಗೋರಂಟಿ ಬಣ್ಣದ ಒಂದು ಮೊಳಕೆ ಕಂಡಿತು. ಕೂಗಿದೆ. ಅತ್ತೆ ಮಂಡಿ ಹಿಡಿದುಕೊಂಡು ಬಂದು ಬಗ್ಗಿ ನೋಡಿದಳು. ಒಳಗೆ ಹೋಗಿ ಅರ್ಜಿ ತೆಗೆದು ಮಾವನ ಮುಂದೆ ಇಟ್ಟಳು.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ತೆಗೆದುಕೊಂಡೆ. ಎರಡನೆಯ ತಿಂಗಳೋ ಏನೋ, ಮೇಷ್ಟ್ರು ಕಸಿಯ ಪಾಠ ಮಾಡಿದರು. ಕಸಿ ಗುಲಾಬಿಯಲ್ಲಿ ಮೇಲಿನದು ಒಂದು ಗಿಡ, ಬೇರು ಇನ್ನೊಂದು ಗಿಡ. ಮೇಲಿನದು ಸತ್ತರೆ ಬೇರಿನ ಕಾಡು ಗುಲಾಬಿಯೇ ಚಿಗುರುತ್ತದೆ. ನೋಡಲು ಗುಲಾಬಿಯ ಹಾಗೇ ಇರುತ್ತದೆ, ಆದರೆ ಆ ಹೂವು ಮತ್ತೆ ಬರುವುದಿಲ್ಲ. ಸಾಕಿದ ಗಿಡದಲ್ಲಿ ಸಾಮಾನ್ಯವಾಗಿ ಕಡ್ಡಿಗೆ ಐದೆಲೆ, ಕಾಡಿನದರಲ್ಲಿ ಏಳು. ನಾನು ಬರೆದುಕೊಳ್ಳುತ್ತಿದ್ದ ಪೆನ್ನು ನಿಂತಿತು. ಸಂಜೆ ಮನೆಗೆ ಬಂದವಳು ಪುಸ್ತಕ ಕೂಡ ಕೆಳಗಿಡದೆ ಡ್ರಮ್ಮಿನ ಹತ್ತಿರ ಕೂತು ಎಣಿಸಿದೆ. ಏಳು. ಇನ್ನೊಂದು ಕಡ್ಡಿ ಎಣಿಸಿದೆ. ಅದೂ ಏಳು.

ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಮರುದಿನವೇ ಗೇಟಿಗೆ ಬೀಗ. ಅತ್ತೆ ಕೇಳುತ್ತಿದ್ದಳು, "ಇಷ್ಟು ಎತ್ತರ ಬಂತಲ್ಲೇ, ಹೂ ಯಾವಾಗ?" ನಾನು ಕಾಲೇಜು ಓದಿದವಳ ಗತ್ತಿನಲ್ಲಿ, "ಕತ್ತರಿಸ್ತಾ ಇರ್ಬೇಕು ಅತ್ತೆ, ಬೇರು ಬಲೀಬೇಕು," ಎನ್ನುತ್ತಿದ್ದೆ. ಕತ್ತರಿಸುತ್ತಿದ್ದುದು ಮೊಗ್ಗನ್ನು. ಒಂದು ಮೊಗ್ಗು ಅರಳಿದರೂ ನನ್ನ ಬಣ್ಣ ಬಯಲಾಗುತ್ತಿತ್ತು. ಹಾಗಾಗಿ ಈಗ ನಾನೇ ಆ ಗಿಡ ಬಿಟ್ಟು ಒಂದು ವಾರ ಕದಲುವಂತಿರಲಿಲ್ಲ. ತಂಗಿಯ ಮದುವೆಗೆ ಹೋದವಳು ಎರಡನೇ ದಿನವೇ ಓಡಿ ಬಂದೆ. ಅವ್ವ ಬೇಜಾರು ಮಾಡಿಕೊಂಡಳು. ಅಪ್ಪ ಮಾತ್ರ, "ಜೀವ ನೋಡ್ಕಂತಾಳೆ ನನ್ ಮಗಳು," ಎಂದು ನೆಂಟರಿಗೆ ಹೇಳಿದನಂತೆ. ಆ ಮಾತು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಪಿಯುಸಿ ಮುಗಿಯಿತು, ಬಿ.ಎಸ್ಸಿ.ಗೆ ಸೇರಿದೆ, ಎರಡು ವರ್ಷ ಕಳೆಯಿತು. ಗುಲಾಬಿಗೆ ಅದೇ ಎರಡು ಚೆಂಬು ನೀರು, ಟೀ ಚರಟ, ಬೂದಿ. ಏನೂ ಬೇಡದ ಕಾಡು ಗಿಡಕ್ಕೆ ರಾಣಿಯ ಉಪಚಾರ.

ಕೊನೆಯ ವರ್ಷದ ಪರೀಕ್ಷೆಗೆ ಮೂರು ವಾರ ಇದ್ದಾಗ ಜ್ವರ ಬಂತು. ಒಂಬತ್ತು ದಿನ ಚಾಪೆ ಬಿಟ್ಟು ಏಳಲಿಲ್ಲ. ಅತ್ತೆಯೇ ಗಂಜಿ ಕುಡಿಸಿದಳು, ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಮಂಡಿ ಹಿಡಿದುಕೊಂಡು ನಲ್ಲಿಗೂ ಹೋದಳು, ಗಿಡಕ್ಕೂ ನೀರು ಹೊಯ್ದಳು. ಹತ್ತನೇ ಬೆಳಗ್ಗೆ ಅಂಗಳದಿಂದ ಕರೆದಳು. ಗೋಡೆ ಹಿಡಿದುಕೊಂಡು ಹೋದೆ. ಗಿಡದ ತುಂಬ ಬಿಳಿ ಹೂವು. ಗೊಂಚಲು ಗೊಂಚಲು, ಒಂದೊಂದೂ ಹೆಬ್ಬೆರಳ ಉಗುರಿನಷ್ಟು.

"ಇದೇನೇ ರತ್ನಿ?"

"ಕಾಡು ಗುಲಾಬಿ ಅತ್ತೆ. ಬೇರಿಂದು. ನಿನ್ನ ಗುಲಾಬಿ ಆವತ್ತೇ ಸತ್ತೋತು."

"ನಿನಗೆ ಯಾವಾಗ ಗೊತ್ತಾತು?"

"ಕಾಲೇಜಿಗೆ ಸೇರಿದ ವರ್ಷ."

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಡ್ರಮ್ಮಿನ ಅಂಚಿನ ಮೇಲೆ ಕೂತಳು.

"ಇಷ್ಟು ವರ್ಷ ನನ್ನ ಕಣ್ಣೆದುರಿಗೇ ಬೇಲಿಗೆ ನೀರು ಹೊಯ್ದು, ಗುಲಾಬಿ ಅಂದ್ಯಲ್ಲೇ. ಬೀದಿಯೋರಿಗೆಲ್ಲ ನಾನು ಈ ಸಲ ಬಿಡ್ತೈತೆ, ಈ ಸಲ ಬಿಡ್ತೈತೆ ಅಂತ ಹೇಳ್ಕಂಡು ತಿರುಗಿದೆ." ಆಮೇಲೆ ಎದ್ದು ಗೇಟನ್ನು ಪೂರಾ ತೆರೆದಳು. "ನಡಿ. ನಿಮ್ಮಪ್ಪನ್ತಾವ ಹೋಗು."

ಹತ್ತು ಹನ್ನೊಂದು ವರ್ಷ ಆ ಗೇಟು ತೆರೆಯಲಿ ಎಂದು ಕಾದವಳು ನಾನು. ತೆರೆದ ದಿನ ದಾಟಲು ಕಾಲು ಬರಲಿಲ್ಲ. ಹೊರಗೆ ಹೋದರೆ ಪರೀಕ್ಷೆ ಹೋಯಿತು. ನಮ್ಮ ಹಟ್ಟಿಗೆ ಬಸ್ಸಿರಲಿಲ್ಲ. ಬಸ್ಸು ಸಿಗುವಲ್ಲಿಗೆ ನಡೆದು ಬಂದರೂ ಅದು ಬಂದಾಗ ಬಂತು, ಇಲ್ಲದಿದ್ದರೆ ಇಲ್ಲ. ಮಾವ ಗಂಟು ಹೊತ್ತು ಬಸ್ಸಿನವರೆಗೆ ಬಂದ. "ನಿಮ್ಮತ್ತೆ ಮಾತು ನಿಂಗೆ ಗೊತ್ತಲ್ಲ," ಎಂದಷ್ಟೇ ಹೇಳಿದ.

ಹಟ್ಟಿಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಗುಲಾಬಿಯದು, ಏಳೆಲೆಯದು, ಸುಳ್ಳಿನದು. ಅವನು ಮರಿಯೊಂದರ ಗೊರಸಿಗೆ ಬೇವಿನೆಣ್ಣೆ ಹಚ್ಚುತ್ತಿದ್ದ. ತಲೆ ಎತ್ತಲಿಲ್ಲ.

"ತಪ್ಪು ಮಾಡಿದ್ಯವ್ವ. ನಾನೂ ಮಾಡಿದೆ, ಹಸೀದು ತಂದುಕೊಟ್ಟೆ. ಪರೀಕ್ಷೆ ಎಷ್ಟು ದಿನ?"

"ಶುರುವಾದ್ರೆ ಹದಿನಾಲ್ಕು ದಿನದಾಗೆ ಮುಗೀತೈತಪ್ಪ. ಆದ್ರೆ ದಿನಾ ಎಂಗೆ ಹೋಗ್ಲಿ?"

"ನೀನ್ಯಾಕೆ ಹೋಗ್ಬೇಕು. ಮಂದೇನೇ ಹೋಗಾಣ."

ಹೊಲಗಳೆಲ್ಲ ಖಾಲಿಯಿದ್ದ ಕಾಲ ಅದು. ಹೊಳಲ್ಕೆರೆ ರಸ್ತೆಯಲ್ಲಿ, ದುರ್ಗದಿಂದ ಅರ್ಧ ಗಂಟೆ ನಡಿಗೆಯಲ್ಲಿ ಗುರುತಿನ ರೈತರೊಬ್ಬರ ಹೊಲ ಹಿಡಿದು, ಅಪ್ಪ ಇಡೀ ಮಂದೆಯನ್ನು ಅಲ್ಲಿಗೆ ಹೊಡೆದುಕೊಂಡು ಬಂದ. ನೂರು ಚಿಲ್ಲರೆ ಕುರಿ, ಎರಡು ನಾಯಿ, ಒಂದು ಕತ್ತೆ, ಕತ್ತೆಯ ಬೆನ್ನ ಮೇಲೆ ನನ್ನ ಪುಸ್ತಕ. ಬೆಳಗಾಗುತ್ತಲೇ ಓದುತ್ತಿದ್ದೆ, ಕುರಿ ಮೇವಿಗೆ ಬಿಡುವ ಹೊತ್ತಿಗೆ ನಡೆದು ಹೊರಡುತ್ತಿದ್ದೆ. ಪರೀಕ್ಷೆಯ ಕೋಣೆಯಲ್ಲಿ ಪಕ್ಕದ ಮೇಜಿನ ಹುಡುಗಿ ಮೂಗಿಗೆ ಕರ್ಚೀಫು ಹಿಡಿದಳು. ಹಿಡಿಯಲಿ ಎಂದುಕೊಂಡೆ. ಸಸ್ಯಶಾಸ್ತ್ರದ ಪತ್ರಿಕೆಯಲ್ಲಿ, ವರ್ಷ ವರ್ಷ ಬಾಳುವ ಎರಡು ಅಲಂಕಾರದ ಗಿಡಗಳನ್ನು ಆರಿಸಿ ಅವುಗಳ ಪೋಷಣೆಯನ್ನು ಹೋಲಿಸಿ ಎಂದು ಒಂದು ಪ್ರಶ್ನೆಯಿತ್ತು. ಹತ್ತು ಅಂಕದ್ದು. ಕಣಗಿಲೆಗೆ ಅರ್ಧ ಪುಟ ಸಾಕಾಯಿತು. ಗುಲಾಬಿ ಬರೆಯುತ್ತಾ ಬರೆಯುತ್ತಾ ಆರು ಪುಟ ದಾಟಿತು. ನೀರು, ನೆರಳು, ಹುಳ, ಗೊಬ್ಬರ ಎಷ್ಟು ದಿನ ಕೊಳೆಯಬೇಕು, ಬೇರಿನ ಚಿಗುರನ್ನು ಹೇಗೆ ಗುರುತಿಸಬೇಕು. ಗಂಟೆ ಹೊಡೆದಾಗ ಇನ್ನೂ ಎರಡು ಪ್ರಶ್ನೆ ಮುಟ್ಟಿರಲಿಲ್ಲ. ಅದಕ್ಕೇ ನನಗೆ ಎರಡನೇ ದರ್ಜೆ. ಆದರೂ ಪಾಸಾದೆ. ನಮ್ಮ ಹಟ್ಟಿಯಲ್ಲಿ ಗಂಡಸರನ್ನೂ ಸೇರಿಸಿ ಮೊದಲ ಪದವಿ ನನ್ನದು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಪದವಿಯ ಸರ್ಟಿಫಿಕೇಟು ಅಂಚೆಯಲ್ಲಿ ಬರುತ್ತದೆ ಎಂದಿದ್ದರು. ಅರ್ಜಿಯಲ್ಲಿ ಮೊದಲಿಂದ ಇದ್ದ ಅತ್ತೆ ಮನೆಯ ವಿಳಾಸವೇ ಇತ್ತು, ಬದಲಿಸಬೇಕೆಂದು ನನ್ನ ತಲೆಗೆ ಬಂದಿರಲಿಲ್ಲ. ಒಂದು ದಿನ ಮಾವ ಹೇಳಿಕಳಿಸಿದ: ನಿನ್ನ ಕಾಗದ ಬಂದಿದೆ, ನಿಮ್ಮತ್ತೆ ಹೆಬ್ಬೆಟ್ಟು ಒತ್ತಿ ತೆಗೆದುಕೊಂಡಿದ್ದಾಳೆ, ನನ್ನ ಕೈಗೂ ಕೊಡುತ್ತಿಲ್ಲ, ನೀನೇ ಬಾ. ಹೋದೆ. ಅತ್ತೆ ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಮೊರ ಪಕ್ಕಕ್ಕಿಟ್ಟು, ತನ್ನ ಮದುವೆಯ ಸೀರೆಯ ಮಡಿಕೆಯೊಳಗಿಂದ ಉದ್ದನೆಯ ಲಕೋಟೆ ತೆಗೆದಳು. ಒಡೆದಿರಲಿಲ್ಲ. ನಾನು ಅಂಚು ಹರಿದು ತೆಗೆದೆ. ಅವಳು ಕೈ ಚಾಚಿದಳು, ಕೊಟ್ಟೆ. ಸೆರಗಿಗೆ ಎರಡೂ ಕೈ ಒರೆಸಿಕೊಂಡು, ಅಕ್ಷರ ಬಾರದ ಕಣ್ಣಲ್ಲಿ ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದಳು.

"ಮೇಲಿನ ಕವರಿನಾಗೆ ನಿಮ್ಮ ಮಾವನ ಹೆಸರು, ಈ ಮನೆ ನಂಬರು ಎಲ್ಲ ಐತಂತೆ. ಒಳಗೆ ಐತಾ?"

"ಇಲ್ಲ ಅತ್ತೆ."

"ಎಲ್ಲೂ ಇಲ್ವಾ?"

"ಎಲ್ಲೂ ಇಲ್ಲ."

ಅವಳು ಇನ್ನೊಂದು ಸಲ ನೋಡಿದಳು. ಮಡಿಕೆ ಬೀಳದ ಹಾಗೆ ಎರಡು ಕೈಯಲ್ಲಿ ಹಿಡಿದು ನನಗೆ ಕೊಟ್ಟಳು.

"ಇರ್ಬೇಕಿತ್ತು," ಎಂದಳು.